ಗೂಡಿನಲ್ಲಿಲ್ಲದ ಅರ್ಧ

ಡಂಗುರದವನು ಮೇಲಿನ ದಾರಿಯಿಂದ ಇಳಿದು ಬಂದಾಗ ಕಲುರಾಲ ಮುಳ್ಳುಬಾಗಿಲಿಗೆ ಹೊಸ ಕೊಂಬೆ ಕಟ್ಟುತ್ತಿದ್ದ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳದಂಥ ಕಣಿವೆ, ನಡುವೆ ಎರಡು ಎತ್ತು ಜೊತೆಯಾಗಿ ಹೋಗಲಾರದಷ್ಟು ದಾರಿ. ಆ ದಾರಿಗೆ ಅಡ್ಡಲಾಗಿ ಹಗ್ಗದಲ್ಲಿ ತೂಗುವ ಮುಳ್ಳಿನ ಕದ. ಅದನ್ನು ಕಾಯುವುದೇ ಆ ಮನೆಯವರ ರಾಜಸೇವೆ. ಅವನ ಅಪ್ಪನೂ ಕಾದಿದ್ದ, ಅಜ್ಜನೂ ಕಾದಿದ್ದ. ಮುಳ್ಳಿನ ತುದಿಗಳೆಲ್ಲ ಯಾವಾಗಲೂ ಕೆಳಗಿನ ಸೀಮೆಯ ಕಡೆಗೆ ಇರಬೇಕು. ಅಲ್ಲಿ ಕಡಲಿತ್ತು, ಕಡಲ ದಂಡೆಯಲ್ಲಿ ಹೊರನಾಡಿನ ಟೋಪಿಯವರ ಕಂಪನಿಯ ಕೋಟೆಗಳಿದ್ದವು.

ಡಂಗುರದವನು ಬಂಡೆಯ ಮೇಲೆ ನಿಂತು ಸಾರಿದ. ಮಹಾರಾಜರಿಗೂ ಕಂಪನಿಗೂ ರಾಜಿಯಾಗಿದೆ. ಕಡಲ ದಂಡೆಯೆಲ್ಲ ಕಂಪನಿಯದು. ಬೆಟ್ಟದವರು ಇಳಿದು ಹೋಗಿ ಉಪ್ಪು ತಂದುಕೊಳ್ಳಬಹುದು, ತಡೆಯುವವರಿಲ್ಲ. ಅವರ ಜನ ಅವರಿಗೆ, ನಮ್ಮ ಜನ ನಮಗೆ.

ಉಪ್ಪು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದನ್ನು ಯಾರೂ ಸರಿಯಾಗಿ ಕೇಳಲಿಲ್ಲ. ಯುದ್ಧ ಶುರುವಾದಂದಿನಿಂದ ಬೆಟ್ಟಕ್ಕೆ ಉಪ್ಪು ಏರಿರಲಿಲ್ಲ. ಬಾಳೆದಿಂಡು ಸುಟ್ಟು, ಬೂದಿ ಸೋಸಿ, ಆ ನೀರನ್ನೇ ಸಾರಿಗೆ ಹಾಕಿ ಉಂಡಿದ್ದರು. ದನಗಳು ಮನುಷ್ಯರ ಬೆವರಿದ ಬೆನ್ನು ನೆಕ್ಕಲು ಬರುತ್ತಿದ್ದವು. ಕಲುರಾಲನ ಹೆಂಡತಿ ಎತನಾ ಒಂದು ಚಿಟಿಕೆ ಉಪ್ಪನ್ನು ಸೋರೆಬುರುಡೆಯಲ್ಲಿ ಬಚ್ಚಿಟ್ಟು, ಜ್ವರ ಬಂದವರಿಗೆ ಮಾತ್ರ ಕೊಡುತ್ತಿದ್ದಳು. ಅದಕ್ಕಾಗಿ ಸುಳ್ಳು ಜ್ವರ ತಂದುಕೊಂಡವರೂ ಇದ್ದರು.

"ನಮ್ಮ ಜನ ನಮಗೆ ಅಂದ್ರೆ ನಮ್ಮಣ್ಣ ವಾಪಸ್ ಬರ್ತಾನಲ್ವಾ?" ಎಂದಳು ಎತನಾ. ಅವಳ ದೊಡ್ಡಣ್ಣನನ್ನು ಕಂಪನಿಯವರು ಹಿಡಿದುಕೊಂಡು ಹೋಗಿದ್ದರು.

"ಬರದೇ ಏನು. ಉಪ್ಪೂ ಬರ್ತದೆ, ಭಾವನೂ ಬರ್ತಾನೆ. ಮೊದಲು ಉಪ್ಪು ಬರಲಿ. ನಿಮ್ಮಣ್ಣ ಉಪ್ಪಿಲ್ಲದ ಸಾರಿಗೆ ಬಾಯಿ ಮಾಡ್ತಾನೆ."

"ಅವರ ಜನ ಅವರಿಗೆ ಅಂದ್ನಲ್ಲ, ಅವರ ಜನ ಯಾರಿದ್ದಾರೆ ಇಲ್ಲಿ?"

"ಸೆರೆ ಸಿಕ್ಕ ಸಿಪಾಯಿಗಳಿರ್ಬೇಕು. ನಮಗೇನು."

ಆಗ ಸೀಮನ್ ಅಲ್ಲೇ, ಬಾಗಿಲ ಕೆಳಗಿನ ಕಲ್ಲಿನ ಮೇಲೆ ಕೂತು ಕತ್ತಿ ಮಸೆಯುತ್ತಿದ್ದ. ಆ ಮಾತು ಕೇಳಿ ನಕ್ಕ.

ಸೀಮನ್ ಕೆಳಗಿನ ಸೀಮೆಯವನು, ದಾಲ್ಚಿನ್ನಿ ಸುಲಿಯುವ ಜಾತಿಯವನು. ಕಂಪನಿಯ ಕಾಡಿನಲ್ಲಿ ವರ್ಷಕ್ಕಿಷ್ಟು ಹೊರೆ ಚಕ್ಕೆ ಸುಲಿದು ಕೊಡದಿದ್ದರೆ ಬೆನ್ನಿನ ಚರ್ಮ ಸುಲಿಯುತ್ತಿದ್ದರು. ಪಾದ್ರಿ ಇಟ್ಟ ಹೆಸರನ್ನು ಅವನೇ ತಮಾಷೆ ಮಾಡುತ್ತಿದ್ದ: "ತಲೆ ಮೇಲೆ ನೀರು ಹಾಕಿ ಸೀಮನ್ ಅಂದ್ರು. ಒಣಗಿದ ಮೇಲೆ ಮತ್ತೆ ಬುದ್ಧನ ಗುಡಿಗೆ ಹೋದೆ." ಯುದ್ಧದ ಆರಂಭದಲ್ಲಿ ಅವನನ್ನು ಮೇಲಕ್ಕೆ ಕರೆತಂದವನು ಕಲುರಾಲನೇ. ಬೆಟ್ಟದ ಸೀಮೆಯ ಅಧಿಕಾರಿಯಾದ ಮೊಹೊಟ್ಟಾಲರು ಕಲುರಾಲನನ್ನು ಕರೆಸಿ ಹೇಳಿದ್ದರು: "ಗಡಿಯ ನದಿ ದಾಟಿ ಹೋಗು. ಸುಲಿಯುವವರಿಗೆ ಹೇಳು. ಮೇಲೆ ಬಂದವರಿಗೆ ನೆಲ ಕೊಡ್ತೇವೆ, ಚಕ್ಕೆ ಕೇಳೋದಿಲ್ಲ, ಯಾವತ್ತೂ ಕೆಳಗೆ ಕಳಿಸೋದಿಲ್ಲ." ಸುಲಿಯುವವರಿಲ್ಲದೆ ಕಂಪನಿಯ ಹಡಗು ಖಾಲಿ ಹೋಗಲಿ ಎಂಬುದು ದೊಡ್ಡವರ ಲೆಕ್ಕ.

ಕಲುರಾಲ ಹೋಗಿ ಹೇಳಿದ. ಸೀಮನ್ ನಂಬಲಿಲ್ಲ. ಆ ನಾಡಿನಲ್ಲಿ ಪ್ರತಿ ಕಾಡಿನ ಬಾಯಲ್ಲೂ ಒಂದು ದೇವರ ಮರವಿರುತ್ತದೆ. ಕಾಡು ಹೊಗುವವರು ಆನೆ ಕರಡಿಯಿಂದ ಕಾಪಾಡಪ್ಪ ಎಂದು ಸೊಪ್ಪಿನ ಕಡ್ಡಿ ಮುರಿದು ಅದರ ಕೊಂಬೆಗೆ ತೂಗುಹಾಕಿ ಹೋಗುತ್ತಾರೆ. ಕಲುರಾಲ ಒಂದು ಕಡ್ಡಿ ತೂಗುಹಾಕಿ, ಅದರ ಪಕ್ಕಕ್ಕೇ ಸೀಮನ್‌ನ ಕೈಯಿಂದ ಇನ್ನೊಂದು ಹಾಕಿಸಿದ. ಒಂದೇ ಕೊಂಬೆಗೆ ಕಡ್ಡಿ ಹಾಕಿದವರು ಒಬ್ಬರನ್ನೊಬ್ಬರು ಬಿಟ್ಟು ಕಾಡಿನಿಂದ ಹೊರಗೆ ಬರುವ ಹಾಗಿಲ್ಲ. ಅದನ್ನು ನೋಡಿ ಸೀಮನ್ ಬಂದ, ಹೆಂಡತಿ ಡೊಮಿಂಗಾಳನ್ನು ಕರೆದುಕೊಂಡು.

ನೆಲ ಸಿಕ್ಕಿತು. ಆದರೆ ಮುಳ್ಳುಬಾಗಿಲಿನ ಕೆಳಗೆ, ಹೊರಗಡೆಗೆ, ಒಂದು ಕೂಗಿನ ದೂರದಲ್ಲಿ. "ಒಳಗೆ ರಾಜಿ ಆದ ಮೇಲೆ ಕೊಡ್ತೇವೆ" ಎಂದಿದ್ದರು ಮೊಹೊಟ್ಟಾಲರು. ಸೀಮನ್ ಅಲ್ಲೇ ಕಾಡು ಕಡಿದು ಸುಟ್ಟು ರಾಗಿ ಬಿತ್ತಿದ. ಕಂಪನಿಯ ದಂಡು ರಾಜಧಾನಿಗೆ ಬೆಂಕಿ ಇಟ್ಟ ವರ್ಷ, ಊರವರೆಲ್ಲ ಕಾಡು ಸೇರಿದಾಗ, ಎತನಾಳನ್ನೂ ಅವಳ ಮುದಿ ಅತ್ತೆಯನ್ನೂ ಗವಿಯಲ್ಲಿಟ್ಟು ಕಾದವನು ಅವನೇ. ಅಲ್ಲೇ ಡೊಮಿಂಗಾ ಹೆತ್ತಳು. ಆ ಹೆಣ್ಣುಮಗುವನ್ನು ಎಲ್ಲರೂ ಪೊಡಿ, ಅಂದರೆ ಚಿಕ್ಕವಳು, ಎಂದೇ ಕರೆಯುತ್ತಿದ್ದರು.

ಅಷ್ಟಾದರೂ ಕಲುರಾಲನ ಜಗಲಿಯಲ್ಲಿ ಸೀಮನ್‌ಗೆ ಚಾಪೆ, ಕಲುರಾಲನಿಗೆ ಮಣೆ. ನೀರು ಎಲೆದೊನ್ನೆಯಲ್ಲಿ. ಜಾತಿ ಎಂದರೆ ಹಾಗೆ, ಇಬ್ಬರೂ ಅದರ ಬಗ್ಗೆ ಮಾತೆತ್ತಿದವರಲ್ಲ. ಎಲೆಅಡಿಕೆ ಮಾತ್ರ ಒಂದೇ ತಟ್ಟೆಯಿಂದ ಹಾಕಿಕೊಳ್ಳುತ್ತಿದ್ದರು.

ಡಂಗುರ ಸಾರಿದ ಕೆಲವೇ ದಿನದಲ್ಲಿ ಮೊಹೊಟ್ಟಾಲರೇ ಬಂದರು. ಪಲ್ಲಕ್ಕಿಯಿಂದ ಇಳಿದಾಗ ಅವರ ಭುಜದ ಮೇಲೆ ಬೆಟ್ಟದಲ್ಲಿ ಯಾರೂ ನೋಡಿರದ ಕೆಂಪು ಬಟ್ಟೆಯಿತ್ತು. ಬೆನ್ನಿಗೇ ಉದುಮಾ ಲೆಬ್ಬೆಯ ಹೇರೆತ್ತುಗಳು ಗಂಟೆ ಆಡಿಸುತ್ತ ನಿಂತವು. ಲೆಬ್ಬೆ ಮೊದಲು ಉಪ್ಪು, ಒಣಮೀನು ಹೇರಿಕೊಂಡು ಓಡಾಡುತ್ತಿದ್ದ ವ್ಯಾಪಾರಿ. ಅವನ ಎತ್ತುಗಳಿಗೂ ಕೆಲಸವಿಲ್ಲದೆ ಬೊಜ್ಜು ಬಂದಿತ್ತು.

"ಕಲುರಾಲ, ಈ ಮುಳ್ಳು ಬಿಚ್ಚಿ ಹಾಕು. ಇನ್ನು ಯಾರಿಗೆ ಹೆದರಬೇಕು" ಎಂದರು ಮೊಹೊಟ್ಟಾಲರು.

"ಬಿಚ್ತೀನಿ ಒಡೆಯಾ. ಕಟ್ಟಿದ್ದು ಮೊನ್ನೆ. ಇನ್ನೂ ಹಸಿಯಾಗಿದೆ, ಕೈಗೆ ಚುಚ್ತದೆ. ಸ್ವಲ್ಪ ಒಣಗಲಿ."

"ನಿನ್ನ ಸೋಮಾರಿತನಕ್ಕೆ ಮುಳ್ಳಿನ ನೆಪ." ಅವರು ನಕ್ಕರು. "ಉಪ್ಪಿಗೆ ಜನ ಹೋಗಲಿ. ದಾರಿ ತೋರಿಸೋಕೆ ಆ ಸೀಮನ್‌ನ ಕಳಿಸು. ಕೆಳಗಿನ ಹಾದಿ ಅವನಷ್ಟು ಯಾರಿಗೆ ಗೊತ್ತು."

ಸೀಮನ್ ಕೈ ಮುಗಿದು ನಿಂತಿದ್ದ. "ಒಡೆಯಾ, ನದಿ ಆಚೆ ನನ್ನ ಮುಖ ನೋಡಿದವರು ಇದ್ದಾರೆ."

"ರಾಜಿ ಆಗಿದೆ ಮಾರಾಯ. ನೀನೀಗ ಮಹಾರಾಜರ ಪ್ರಜೆ. ಹೋಗಿ ಬಾ, ಬಂದ ಮೇಲೆ ಒಳಗಡೆ ನೆಲ ಅಳೆಸಿ ಕೊಡ್ತೇನೆ."

ಸೀಮನ್ ಕಲುರಾಲನ ಮುಖ ನೋಡಿದ. ಕಲುರಾಲ ತಲೆಯಾಡಿಸಿದ. ಒಳಗಡೆಯ ನೆಲ ಎಂದರೆ ಸೀಮನ್‌ಗೆ ಏನೆಂದು ಅವನಿಗೆ ಗೊತ್ತಿತ್ತು. ಹಲಸಿನ ಸಸಿಯೊಂದನ್ನು ಆ ಮನುಷ್ಯ ಒಡಕು ಮಡಕೆಯಲ್ಲಿ ಸಾಕುತ್ತಿದ್ದ. ಹಲಸು ನೆಟ್ಟರೆ ಫಲಕ್ಕೆ ಕಾಯಬೇಕು; ಕಾಯುವುದಕ್ಕೆ ತನ್ನದೆನ್ನುವ ಜಾಗ ಬೇಕು. ಅದಕ್ಕೇ ಅದನ್ನು ಇನ್ನೂ ನೆಟ್ಟಿರಲಿಲ್ಲ.

ಬಾಗಿಲು ದಾಟಿ ಹೋಗುವವರಿಗೆಲ್ಲ ಮಣ್ಣಿನ ಮುದ್ರೆ ಬೇಕು. ಹೊರೆಯವನಿಗೆ ಅಡ್ಡೆ ಹೊತ್ತ ಮನುಷ್ಯನ ಚಿತ್ರ. ಅಡ್ಡೆಯ ಎರಡು ತುದಿಗೆ ಎರಡು ಮೂಟೆ. ಆ ಬಿಲ್ಲೆಯನ್ನು ಕಾವಲಿನವನು ಎರಡು ತುಂಡು ಮಾಡಿ, ಅರ್ಧ ಹೋಗುವವನ ಕೈಗೆ ಕೊಟ್ಟು, ಇನ್ನರ್ಧ ಗೋಡೆಯ ಗೂಡಿನಲ್ಲಿ ಇಡುತ್ತಾನೆ. ವಾಪಸು ಬಂದಾಗ ಎರಡೂ ಕೂಡಬೇಕು. ಗೂಡಿನಲ್ಲಿ ಅರ್ಧ ಇದೆ ಎಂದರೆ ಆ ಮನುಷ್ಯ ಬರುವವನು ಎಂದೇ ಅರ್ಥ. ಹೊರನಾಡಿನವರಿಗೆ ಟೋಪಿ ಮತ್ತು ಕತ್ತಿಯ ಚಿತ್ರ. ಅದನ್ನು ಮುರಿಯುವುದಿಲ್ಲ. ಅವರು ಹೋದರೆ ಹೋದರು.

ಕಲುರಾಲ ಒಬ್ಬೊಬ್ಬರದನ್ನೇ ಟಪ್ ಎಂದು ಮುರಿದು ಕೊಡುತ್ತ ಬಂದ. ಸೀಮನ್‌ನ ಸರದಿ ಬಂದಾಗ ಮೊಹೊಟ್ಟಾಲರು ತಮ್ಮ ಸೊಂಟದಿಂದ ಅಡಿಕೆ ಹಾಳೆಯಲ್ಲಿ ಸುತ್ತಿ ಕೆಂಪು ದಾರ ಕಟ್ಟಿದ ಒಂದು ಪೊಟ್ಟಣ ತೆಗೆದರು.

"ಇವನಿಗೆ ಇದು. ದಾರಿ ತೋರಿಸೋನಿಗೆ ಬೇರೆ. ನದಿ ದಂಡೆಯಲ್ಲಿ ನಮ್ಮ ಆಳು ರಣ್‌ಹಾಮಿ ಇರ್ತಾನೆ, ಅವನ ಮುಂದೆ ಬಿಚ್ಚಲಿ. ಇದರ ಅರ್ಧ ನನ್ನ ಹತ್ತಿರ ಇದೆ."

ಒಡೆಯರ ದಾರ ಕಟ್ಟಿದ್ದನ್ನು ಬಿಚ್ಚಿ ನೋಡುವುದು ಆ ನಾಡಿನಲ್ಲಿ ಯಾರಿಗೂ ಕೈ ಬರುವುದಿಲ್ಲ. ಕಲುರಾಲ ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೊತ್ತಿಕೊಂಡು, ಸೀಮನ್‌ಗೆ ಕೊಟ್ಟ.

ಪಲ್ಲಕ್ಕಿ ಹೋದ ಮೇಲೆ ಸೀಮನ್ ಮೆಲ್ಲಗೆ, "ಅಣ್ಣಾ, ನಂದು ಮುರೀಲೇ ಇಲ್ವಲ್ಲ" ಎಂದ.

"ನಿನ್ನ ಅರ್ಧ ಒಡೆಯರ ಮನೇಲಿದೆ ಕಣೋ. ನನ್ನ ಗೂಡಿಗೆ ಇಲಿ ಬರ್ತದೆ. ಅದು ಇದಕ್ಕಿಂತ ಭದ್ರ."

"ಹಂಗಾದ್ರೆ ಸರಿ."

"ಉಪ್ಪು ತರುವಾಗ ದಾರೀಲಿ ನೆಕ್ಕಬೇಡ. ಮೂಟೆ ಹಗುರ ಆದ್ರೆ ಎತನಾ ನಿನ್ನ ನಾಲಿಗೆ ನೋಡ್ತಾಳೆ."

ಸೀಮನ್ ನಗುತ್ತ ಇಳಿದು ಹೋದ. ಬಾಗಿಲ ಕೆಳಗಿನ ದೇವರ ಮರದ ಹತ್ತಿರ ಕಡ್ಡಿ ಮುರಿದು ಹಾಕಿದ್ದು ಮೇಲಿನಿಂದ ಕಾಣಿಸಿತು.

ಎತ್ತುಗಳಿಗಿಂತ ಮೊದಲು ರಣ್‌ಹಾಮಿ ಬಂದ. ಒಬ್ಬನೇ, ಕೈಬೀಸಿಕೊಂಡು. ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡ. ಉಪ್ಪು ಹೇರಾಗಿದೆ, ಬರ್ತಾ ಇದೆ ಎಂದ. ಸೀಮನ್ ಹೇಗಿದ್ದಾನೆ ಎಂದು ಕೇಳಿದ್ದಕ್ಕೆ, "ಅವನಿಗೇನು, ಹುಟ್ಟಿದ ಊರು" ಎಂದು ಸುಣ್ಣ ಕೇಳಿದ. ಎತನಾ ಸುಣ್ಣ ತಂದುಕೊಟ್ಟಳು. ಅವನು ಮೇಲಿನ ದಾರಿ ಹಿಡಿದು ಮೊಹೊಟ್ಟಾಲರ ಮನೆಯ ಕಡೆ ಹೋದ.

ಮರುದಿನ ಹೊತ್ತು ಇಳಿಯುವಾಗ ಎತ್ತುಗಳು ಬಂದವು. ಊರವರು ಬಾಗಿಲಿಗೆ ಮುತ್ತಿದರು. ಮೂಟೆಯ ಹೊಲಿಗೆ ಸಂದಿಗೆ ಬೆರಳು ತೂರಿಸಿ ಬಾಯಿಗಿಟ್ಟುಕೊಂಡು ಒಬ್ಬ ಮುದುಕಿ ಅಳುವುದಕ್ಕೇ ಶುರುಮಾಡಿದಳು. ಕಲುರಾಲ ಗೂಡಿನಿಂದ ಒಂದೊಂದೇ ಅರ್ಧ ತೆಗೆದು ಕೂಡಿಸಿ ನೋಡುತ್ತ ಜನರನ್ನು ಒಳಗೆ ಬಿಟ್ಟ. ಗೂಡು ಖಾಲಿಯಾಯಿತು. ದಾರಿಯೂ ಖಾಲಿಯಾಯಿತು.

"ಲೆಬ್ಬೆ, ಸೀಮನ್ ಎಲ್ಲಿ? ಹಿಂದೆ ಉಳಿದ್ನಾ?"

ಉದುಮಾ ಲೆಬ್ಬೆ ಎತ್ತಿನ ಹಗ್ಗ ಬಿಚ್ಚುತ್ತಲೇ ಇದ್ದ. ಬಿಚ್ಚುವುದು ಮುಗಿದ ಮೇಲೂ ಹಗ್ಗ ಕೈಯಲ್ಲೇ ಇತ್ತು.

"ಅಣ್ಣಾವ್ರೆ, ಜನ ಸರಿಯಲಿ. ಆಮೇಲೆ ಹೇಳ್ತೀನಿ."

ಜನ ಉಪ್ಪಿನ ಹಿಂದೆ ಹೋದರು. ಲೆಬ್ಬೆ ಬಂಡೆಗೆ ಒರಗಿ ಹೇಳಿದ. ನದಿಯ ಈ ದಂಡೆಯಲ್ಲಿ ರಣ್‌ಹಾಮಿ, ಆ ದಂಡೆಯಲ್ಲಿ ಕಂಪನಿಯ ಆಳುಗಳು. ರಣ್‌ಹಾಮಿ ಪೊಟ್ಟಣ ಬಿಚ್ಚು ಎಂದ. ಸೀಮನ್ ಬಿಚ್ಚಿದ. ಒಳಗೆ ಇಡೀ ಬಿಲ್ಲೆ, ಅದರ ಮೇಲೆ ಟೋಪಿ.

"ಅವನು ಮೊದಲು ನಕ್ಕ. ಬದಲಾಗಿದೆ, ಇದು ನಂದಲ್ಲ ಅಂದ. ನಾನು ಹೊರೆಯವನು, ಕಲುರಾಲಣ್ಣನ್ನ ಕೇಳಿ, ಮೇಲೆ ನನ್ನ ಅರ್ಧ ಇದೆ ಅಂದ. ಅಷ್ಟರಲ್ಲಿ ಅವರು ದೋಣೀಲಿ ಈಚೆ ಬಂದ್ರು. ಅವರ ಜನ ಅವರಿಗೆ ಅಂತ ರಾಜೀಲಿ ಬರೆದಿದೆಯಂತೆ. ಕಟ್ಟಿ ಹಾಕಿದ್ರು. ಕಡಲಾಚೆ ಯಾವುದೋ ದೇಶಕ್ಕೆ ಹಾಕ್ತಾರಂತೆ, ಬೇರೆಯವರಿಗೆ ಬುದ್ಧಿ ಬರಲಿ ಅಂತ."

ಕಲುರಾಲ ತಿರುಗಿ ಖಾಲಿ ಗೂಡಿನ ಕಡೆ ನೋಡಿದ.

"ದೋಣಿ ಹತ್ತುವಾಗ ನನ್ನ ಕೇಳಿದ. ಲೆಬ್ಬೆ, ಅಣ್ಣಂಗೆ ಗೊತ್ತಿತ್ತಾ ಅಂತ."

"ನೀನೇನಂದೆ?"

"ನಾನೇನ್ ಹೇಳ್ಲಿ. ನನಗೂ ಗೊತ್ತಿರ್ಲಿಲ್ಲವಲ್ಲ, ನಿಮಗೆ ಗೊತ್ತಿತ್ತೋ ಇಲ್ಲವೋ ಅನ್ನೋದು." ಲೆಬ್ಬೆ ಈಗ ನೇರವಾಗಿ ಅವನ ಮುಖ ನೋಡಿದ. ಕಲುರಾಲನ ಮುಖದಲ್ಲಿ ಉತ್ತರ ಸಿಕ್ಕಿತೆಂದು ಕಾಣುತ್ತದೆ, ದನಿ ಇಳಿಸಿದ. "ಇನ್ನೊಂದು ಮಾತು. ಹೆಂಡತಿ ಮಗು ಎಲ್ಲಿ ಅಂತ ಅವರು ಕೇಳಿದ್ರು. ಮುದ್ರೆ ತಗೊಂಡು ಬಂದು ಕರ್ಕೊಂಡು ಹೋಗ್ತೀನಿ ಅಂದ ರಣ್‌ಹಾಮಿ. ನಾಳೆ ಬೆಳಿಗ್ಗೆ ಅವನು ಇಳೀತಾನೆ."

ನಮ್ಮ ಮನೆಯ ಸುಣ್ಣ ಹಚ್ಚಿಕೊಂಡು ಹೋದವನೇ, ಎಂದುಕೊಂಡ ಕಲುರಾಲ. ಸಿಟ್ಟು ರಣ್‌ಹಾಮಿಯ ಮೇಲೆ ಬರಲಿಲ್ಲ, ಅವನು ಹೇಳಿದ್ದು ಮಾಡುವವನು. ಮೊಹೊಟ್ಟಾಲರ ಮೇಲೂ ಪೂರ್ತಿ ಬರಲಿಲ್ಲ. ಹಾಳೆಯ ಪೊಟ್ಟಣವನ್ನು ಹಣೆಗೊತ್ತಿಕೊಂಡ ತನ್ನ ಕೈಗಳ ಮೇಲೆಯೇ ಬಂತು. ಜೀವಮಾನವೆಲ್ಲ ಮುದ್ರೆ ನೋಡಿಯೇ ಮನುಷ್ಯರನ್ನು ಬಿಟ್ಟವನು, ನೋಡಲೇಬೇಕಾದ ಒಂದನ್ನು ನೋಡದೆ ಕೊಟ್ಟಿದ್ದ.

ಎತನಾಳಿಗೆ ಹೇಳಿದ. ಅವಳು ಉಪ್ಪು ಅಳೆಯುತ್ತಿದ್ದವಳು ಕೈ ಕೊಡವಿ ಎದ್ದಳು. ಇಬ್ಬರೂ ಬಾಗಿಲು ಎತ್ತಿ ಕೆಳಗಿಳಿದರು.

ಡೊಮಿಂಗಾ ಅಂಗಳದಲ್ಲಿ ನಿಂತಿದ್ದಳು. ಎತ್ತಿನ ಗಂಟೆ ಕೇಳಿ ಗಂಡನಿಗಾಗಿ ಕಾಯುತ್ತಿದ್ದಳೆಂದು ಕಾಣುತ್ತದೆ. ಕಲುರಾಲ ಸುತ್ತಿ ಬಳಸಿ ಹೇಳಲಿಲ್ಲ. ಟೋಪಿಯ ಮುದ್ರೆಯ ವಿಷಯ, ದೋಣಿಯ ವಿಷಯ, ನಾಳೆ ಬೆಳಿಗ್ಗೆಯ ವಿಷಯ, ಎಲ್ಲ ಹೇಳಿದ. ಅವಳು ಅಳಲಿಲ್ಲ. ಪೊಡಿಯನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು.

"ಆ ಪೊಟ್ಟಣ ನೀವೇ ಅಲ್ವಾ ಅವರ ಕೈಗೆ ಕೊಟ್ಟದ್ದು?"

"ನಾನೇ."

"ಬಿಚ್ಚಿ ನೋಡ್ಲಿಲ್ವಾ?"

"ಇಲ್ಲ."

"ನಮ್ಮವರೂ ನೋಡ್ಲಿಲ್ಲ. ನೀವು ಕೊಟ್ರಿ ಅಂತ."

ಕಲುರಾಲ ಕೈ ಎತ್ತಿ ದಾರಿ ತೋರಿಸಿದ. ಗುಡ್ಡದ ಪಕ್ಕದಿಂದ ಜೇನು ಕೀಳುವವರ ಒಂದು ಕಾಲುಹಾದಿ ಇದೆ. ಅದು ಮೂಡಣದ ಕಾಡಿಗೆ ಹೋಗುತ್ತದೆ. ಅಲ್ಲಿ ಎತನಾಳ ತಮ್ಮನ ಹಳ್ಳಿ. ಮೊಹೊಟ್ಟಾಲರ ಅಧಿಕಾರ ಅಲ್ಲಿಗೆ ನಡೆಯುವುದಿಲ್ಲ. ಅಲ್ಲಿನವರು ಬೇರೆ ಒಡೆಯರ ಕೆಳಗಿನವರು, ಈ ಒಡೆಯರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಈಗ ಹೊರಟರೆ ಅವರು ನಿಮ್ಮ ಬೆನ್ನು ಹತ್ತಲಾರರು.

"ನಿಮ್ಮ ಮಾತು ಕೇಳಿ ಮೇಲೆ ಬಂದ್ವಿ" ಎಂದಳು ಡೊಮಿಂಗಾ. "ನಿಮ್ಮ ಮಾತು ಕೇಳಿ ಅವರು ಕೆಳಗೆ ಹೋದ್ರು. ಈಗ ನಿಮ್ಮ ಮಾತು ಕೇಳಿ ನಾನು ಮೂಡಣಕ್ಕೆ ಹೋಗ್ಬೇಕಾ?"

"ದೇವರ ಮರದ ಹತ್ತಿರ ಬಾ, ಕಡ್ಡಿ—"

"ಸೊಪ್ಪು ಬೇಡ ನನಗೆ. ಅವತ್ತೂ ಸೊಪ್ಪೇ ಹಾಕಿದ್ರಿ. ಒಂದು ದಿನ ನಮ್ಮ ಮಡಕೆ ಅನ್ನ ತಿಂದವರಲ್ಲ ನೀವು. ಮಾತು ಮಾತ್ರ ಧಾರಾಳ."

ಆಗ ಎತನಾ ಗುಡಿಸಲಿನೊಳಕ್ಕೆ ಹೋದಳು. ಆ ಹೊಸ್ತಿಲನ್ನು ಅವಳು ಅದುವರೆಗೆ ದಾಟಿರಲಿಲ್ಲ. ಒಲೆಯ ಪಕ್ಕದ ಮಡಕೆ ತೆಗೆದಳು, ಬೆಳಗಿನ ರಾಗಿಮುದ್ದೆ ತಣ್ಣಗಾಗಿತ್ತು. ಕೈಹಾಕಿ ಮುರಿದು ಬಾಯಿಗಿಟ್ಟಳು. ನುಂಗಿದಳು. ಇನ್ನೊಂದು ತುತ್ತು ಮುರಿದಳು.

ಕಲುರಾಲ ನೋಡುತ್ತ ನಿಂತ. ಊರಿಗೆ ಗೊತ್ತಾದರೆ ಅವಳನ್ನು ಅವಳ ಒಲೆಗೇ ಸೇರಿಸುವುದಿಲ್ಲ. ಅವಳಿಗೂ ಅದು ಗೊತ್ತಿತ್ತು.

"ಉಪ್ಪಿಲ್ಲ" ಎಂದಳು ಎತನಾ, ಬಾಯಿ ಒರೆಸಿಕೊಂಡು. "ಉಳಿದದ್ದೆಲ್ಲ ಸರಿ ಇದೆ. ನಡಿ ತಾಯಿ, ನಾನೂ ಬರ್ತೀನಿ. ಇವರ ಮಾತು ನಂಬಬೇಡ. ದಾರೀಲಿ ಏನಾದ್ರೂ ಆದ್ರೆ ನಾನು ನಿನ್ನ ಕೈಯಲ್ಲೇ ಇರ್ತೀನಿ."

"ನಿಮ್ಮಣ್ಣ ಬರ್ತಾನೆ ಅಂತ ಕಾಯ್ತಿದ್ದೆಯಲ್ಲೇ" ಎಂದ ಕಲುರಾಲ.

"ಬಂದ್ರೆ ಸಾರು ನೀವೇ ಮಾಡಿ ಹಾಕಿ. ಉಪ್ಪಂತೂ ಬಂದಿದೆ."

ಡೊಮಿಂಗಾ ಕತ್ತಿ, ಒಂದು ಚಾಪೆ, ಮಗುವಿನ ಬಟ್ಟೆ ಗಂಟು ಕಟ್ಟಿಕೊಂಡಳು. ಹಲಸಿನ ಸಸಿಯನ್ನು ಮುಟ್ಟಲಿಲ್ಲ. ಕಲುರಾಲ ಒಂದು ಚೀಲ ಉಪ್ಪು ಮುಂದೆ ಹಿಡಿದ, ಅದನ್ನೂ ಮುಟ್ಟಲಿಲ್ಲ. ಎತನಾ ಕಸಿದುಕೊಂಡು ತನ್ನ ಗಂಟಿಗೆ ಸೇರಿಸಿದಳು. ಪೊಡಿ ಮಾತ್ರ ತಿರುವಿನ ತನಕ ಅಮ್ಮನ ಭುಜದ ಮೇಲಿಂದ ಅವನನ್ನು ನೋಡುತ್ತ, "ಮಾಮ ಬರಲ್ವಾ?" ಎಂದು ಕೇಳುತ್ತಿತ್ತು. ಡೊಮಿಂಗಾ ಹಿಂತಿರುಗಿ ನೋಡಲಿಲ್ಲ.

ಕಲುರಾಲ ಬಾಗಿಲಿಗೆ ಹಿಂತಿರುಗಿದ. ಬೆಳಕು ಇನ್ನೂ ಸ್ವಲ್ಪ ಇತ್ತು. ಕದವನ್ನು ಇಳಿಸಿ, ಕಟ್ಟು ಬಿಚ್ಚಿ, ಒಂದೊಂದೇ ಕೊಂಬೆ ತೆಗೆದು ತಿರುಗಿಸಿ ಕಟ್ಟತೊಡಗಿದ. ಹಸಿ ಮುಳ್ಳು ಕೈಯಿಡೀ ಗೀರಿತು. ಅವನ ಅಪ್ಪ, ಅಜ್ಜ ಯಾರೂ ಮುಳ್ಳಿನ ತುದಿಯನ್ನು ಮೇಲಿನ ದಾರಿಯ ಕಡೆಗೆ ಮಾಡಿ ಕಟ್ಟಿದವರಲ್ಲ. ಬಳ್ಳಿ ಯಾವ ಸಂದಿನಲ್ಲಿ ತೂರಿಸಬೇಕೆಂದು ಕೈಗೇ ಗೊತ್ತಾಗದೆ ಎರಡೆರಡು ಸಲ ಬಿಚ್ಚಿ ಕಟ್ಟಿದ.

ಬೆಳಿಗ್ಗೆ ರಣ್‌ಹಾಮಿ ಇನ್ನೊಬ್ಬನನ್ನು ಜೊತೆ ಮಾಡಿಕೊಂಡು ಮೇಲಿನಿಂದ ಇಳಿದು ಬಂದ. ಬಾಗಿಲ ಹತ್ತಿರ ಬಂದು ಥಟ್ಟನೆ ನಿಂತ. ಮುಳ್ಳು ಅವನ ಎದೆಯ ಕಡೆಗೇ ಮುಖ ಮಾಡಿತ್ತು. ಕಲುರಾಲ ಹಗ್ಗ ಹಿಡಿದು ಕದದ ಕೆಳಗಿನ ಬದಿಯಲ್ಲಿ ಕೂತಿದ್ದ.

"ಏನಯ್ಯಾ ಇದು, ಮುಳ್ಳು ತಿರುವುಮುರುವು ಕಟ್ಟಿದ್ದೀಯ. ನಿದ್ದೆಗಣ್ಣಲ್ಲಿ ಕಟ್ಟಿದೆಯಾ? ಎತ್ತು."

"ಮುದ್ರೆ?"

"ಹೋಗೋ, ಮೊನ್ನೆ ನಿನ್ನ ಜಗಲೀಲಿ ಕೂತು ಎಲೆ ಹಾಕಿದ್ದೀನಿ."

"ಅದು ಮೊನ್ನೆ. ಮುದ್ರೆ ಎಲ್ಲಿ?"

ರಣ್‌ಹಾಮಿ ಸೊಂಟದಿಂದ ಹಾಳೆಯ ಪೊಟ್ಟಣ ತೆಗೆದು ಮುಳ್ಳಿನ ಸಂದಿಯಿಂದ ಚಾಚಿದ. ಕೆಂಪು ದಾರ. ಈ ಸಲ ಕಲುರಾಲ ಹಣೆಗೊತ್ತಿಕೊಳ್ಳಲಿಲ್ಲ. ದಾರ ಹರಿದು ಬಿಚ್ಚಿದ. ರಣ್‌ಹಾಮಿಯ ಬಾಯಿ ತೆರೆದೇ ಇತ್ತು. ಒಳಗೆ ಎರಡು ಬಿಲ್ಲೆ. ಎರಡರ ಮೇಲೂ ಟೋಪಿ. ಒಂದು ಸ್ವಲ್ಪ ಚಿಕ್ಕದು. ಮಗುವಿಗೆಂದು ಚಿಕ್ಕದು ಮಾಡಿಸಿದ್ದರೋ, ಮಣ್ಣು ಸಾಲದೆ ಹೋಯಿತೋ.

"ಇದು ಟೋಪಿಯವರದು" ಎಂದ ಕಲುರಾಲ. "ನೀನು ಟೋಪಿ ಹಾಕಿಲ್ಲ. ಇವನೂ ಹಾಕಿಲ್ಲ."

"ಅದು ಆ ಹೆಂಗಸಿಗೆ ಕಣಯ್ಯಾ. ನಾವು ಒಡೆಯರ ಆಳುಗಳು. ನಮಗ್ಯಾಕೆ ಮುದ್ರೆ?"

"ಮುದ್ರೆ ಇಲ್ಲದೆ ನರಪಿಳ್ಳೆನೂ ದಾಟಬಾರದು ಅಂತ ಮಹಾರಾಜರ ಆಜ್ಞೆ. ನಿನ್ನಂಥವರನ್ನ ಸುಮ್ಮನೆ ಬಿಟ್ಟದ್ದು ನನ್ನ ತಪ್ಪು. ಇನ್ನು ಬಿಡಲ್ಲ. ಹೋಗಿ ಹೊರೆಯವರ ಮುದ್ರೆ ಎರಡು ತಗೊಂಡು ಬಾ. ಮುರಿದು ಅರ್ಧ ಗೂಡಲ್ಲಿಡ್ತೀನಿ."

"ಒಡೆಯರ ಮನೆ ಮುಟ್ಟಿ ಬರೋದಕ್ಕೆ ನಾಳೆ ಸಂಜೆ ಆಗ್ತದೆ."

"ಆಗಲಿ."

"ನಿನ್ನ ಬೆನ್ನು ಮುರೀತಾರೆ, ಗೊತ್ತಾ?"

"ಗೊತ್ತು."

ರಣ್‌ಹಾಮಿ ಬಂಡೆಯ ಕಡೆ ನೋಡಿದ, ಕಣಿವೆಯ ಕಡೆ ನೋಡಿದ. ಅವನ ಜೊತೆಯವನು ಮುಳ್ಳಿಗೆ ಕೈಹಾಕಿ ಎಳೆಯಲು ಹೋಗಿ ಹಾ ಎಂದು ಕೈ ಹಿಂದಕ್ಕೆಳೆದುಕೊಂಡ. ಸ್ವಲ್ಪ ಹೊತ್ತು ಬೈದರು, ಸ್ವಲ್ಪ ಹೊತ್ತು ಪುಸಲಾಯಿಸಿದರು. ಆಮೇಲೆ ಬಂದ ದಾರಿಯಲ್ಲೇ ಮೇಲಕ್ಕೆ ಏರಿ ಹೋದರು.

ಕಲುರಾಲ ಎದ್ದು ಕದ ದಾಟಿ, ಮತ್ತೆ ಹಗ್ಗ ಕಟ್ಟಿ ಜಗಲಿಗೆ ಬಂದ. ಗೂಡಿನೊಳಗೆ ಕೈ ಹಾಕಿ ನೋಡಿದ. ಏನೂ ಇರಲಿಲ್ಲ, ಇರುವುದಿಲ್ಲವೆಂದೂ ಗೊತ್ತಿತ್ತು. ಆದರೂ ಒಂದು ಸಲ ಮೂಲೆಮೂಲೆಯನ್ನೆಲ್ಲ ಬೆರಳಾಡಿಸಿ ನೋಡಿದ.